ಹಿಡಿದು ಬಿಡುವ ಮೀನು

ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಯಜಮಾನರ ಪ್ಯಾಂಟಿನ ಜೇಬುಗಳನ್ನು ಒಂದೊಂದಾಗಿ ಹೊರಗೆ ತಿರುವುತ್ತಿದ್ದ ಚಿಕ್ಕತಾಯಮ್ಮ ಥಟ್ಟನೆ ಕೈ ನಿಲ್ಲಿಸಿದಳು. ಏನನ್ನೋ ಬೆರಳ ತುದಿಗೆ ಅಂಟಿಸಿಕೊಂಡು ಬಿಸಿಲಿಗೆ ಹಿಡಿದಳು. ಕಿರುಬೆರಳಿನ ಉಗುರಿನಷ್ಟು ಅಗಲ, ಅಭ್ರಕದ ಚೂರಿನ ಹಾಗೆ ಹೊಳೆಯುತ್ತಿತ್ತು.

"ಅಮ್ಮಾವ್ರೇ, ಇಲ್ಲಿ ನೋಡಿ. ಮೀನಿನ ಹುರುಪೆ."

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕರಿಬೇವು ಬಿಡಿಸುತ್ತಿದ್ದ ರಮಾಮಣಿ ತಲೆಯೆತ್ತಿದಳು. "ನಮ್ಮನೇಲಿ ಮೀನಿಂದು ಎಲ್ಲಿಂದ ಬರತ್ತೆ? ಯಾವುದೋ ಸೀರೆ ಚಮಕಿ ಇರಬೇಕು."

"ಚಮ್ಕಿ ಯಾವ್ದು, ಹುರುಪೆ ಯಾವ್ದು ಅಂತ ಗೊತ್ತಾಗಕಿಲ್ವಾ ನಂಗೆ? ವಾರಕ್ಕೆರಡು ದಿನ ಮೀನು ಉಜ್ಜೋಳು ನಾನು."

"ಥೂ! ಎಸಿ ಅದನ್ನ. ಕೈ ತೊಳ್ಕೋ."

ಚಿಕ್ಕತಾಯಮ್ಮ ಹುರುಪೆಯನ್ನು ನೀರಿಗೆ ಬಿಟ್ಟು, ಕೈ ತೊಳೆಯದೆಯೇ ಪ್ಯಾಂಟಿಗೆ ಸೋಪು ಹಚ್ಚತೊಡಗಿದಳು.

ಅಷ್ಟು ಒಂದೇ ಆಗಿದ್ದರೆ ರಮಾಮಣಿ ಮರೆತುಬಿಡುತ್ತಿದ್ದಳೇನೋ. ಆದರೆ ಅಗ್ರಹಾರದ ಆ ಮನೆಯಲ್ಲಿ ಎರಡು ತಿಂಗಳಿಂದ ಲೆಕ್ಕ ತಪ್ಪುತ್ತಿತ್ತು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ತಪ್ಪಿದ ಲೆಕ್ಕ ಕಣ್ಣಿಗೆ ಬಿದ್ದ ಧೂಳಿನ ಹಾಗೆ. ತೆಗೆಯುವ ತನಕ ಸಮಾಧಾನವಿಲ್ಲ. ಅವಳ ಗಂಡ ಗೋವಿಂದರಾಜು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ಹೋದ ವರ್ಷವಷ್ಟೇ ನಿವೃತ್ತರಾಗಿದ್ದರು. ಫೆಬ್ರವರಿಯಿಂದ ಈಚೆಗೆ ಪ್ರತಿ ಮಂಗಳವಾರ, ಶನಿವಾರ ಬೆಳಗಿನ ಐದೂಕಾಲಿಗೆ ಎದ್ದು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಎಂದು ಹೇಳಿ ಸ್ಕೂಟರ್ ಹತ್ತುತ್ತಿದ್ದರು. ಮರಳಿ ಬರುವಾಗ ಒಂಬತ್ತೂವರೆ. ಕೆರೆ ಸುತ್ತಲು ನಾಲ್ಕು ಗಂಟೆ ಏಕೆ ಬೇಕು? ಮರದ ನೆರಳಲ್ಲಿ ನಡೆಯುವವರ ಕತ್ತಿನ ಹಿಂಭಾಗ ಸೀದ ಹಪ್ಪಳದ ಬಣ್ಣಕ್ಕೆ ತಿರುಗುವುದು ಹೇಗೆ? ಮಿಕ್ಕ ದಿನ ಐದು ದೋಸೆ ತಿನ್ನುವ ಮನುಷ್ಯ ಆ ಎರಡು ದಿನ ಮಾತ್ರ ಒಂದೂವರೆ ದೋಸೆಗೇ "ಸಾಕಮ್ಮ" ಎಂದು ಎದ್ದುಬಿಡುತ್ತಿದ್ದರು.

ಈಗ ಈ ಹುರುಪೆ.

ಅಂದು ಪೂಜೆ ಮುಗಿಸಿ ಅವರು ಕೊಟ್ಟ ತುಳಸಿಯನ್ನು ಕಣ್ಣಿಗೊತ್ತಿಕೊಳ್ಳುವ ನೆಪದಲ್ಲಿ ರಮಾಮಣಿ ಅವರ ಬೆರಳನ್ನೇ ಮೂಸಿ ನೋಡಿದಳು. ನಿಂಬೆಹಣ್ಣಿನ ವಾಸನೆ. ತಲೆಗೆ ಹಚ್ಚಿಕೊಳ್ಳದ, ಅಡುಗೆಮನೆಗೆ ಕಾಲಿಡದ ಗಂಡಸಿನ ಬೆರಳಲ್ಲಿ ನಿಂಬೆ ಯಾಕೆ? ಯಾವ ವಾಸನೆ ಮುಚ್ಚಲು?

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಒಂದು ಉತ್ತರ ಸಿಗುತ್ತದೆ, ಆದರೆ ಅದು ಸರಿಯಾದ ಉತ್ತರವೇ ಎಂದು ಹೇಗೆ ತಿಳಿಯುವುದು? ಶುಕ್ರವಾರ ಸಂಜೆ ಗೇಟು ಹಾಕಲು ಹೋದವಳು ಸ್ಕೂಟರಿನ ಕಿಲೋಮೀಟರ್ ಓದಿಕೊಂಡು ಬಂದಳು. ಶನಿವಾರ ಅವರು ಸ್ನಾನಕ್ಕೆ ಹೋದಾಗ ಮತ್ತೆ ಓದಿದಳು. ಮೂವತ್ತನಾಲ್ಕು ಕಿಲೋಮೀಟರ್. ಕುಕ್ಕರಹಳ್ಳಿಗೆ ಹೋಗಿಬಂದರೆ ಏಳು ಆಗುವುದು ಕಷ್ಟ.

ಮುಂದಿನ ಮಂಗಳವಾರ ಸ್ಕೂಟರ್ ತಿರುವು ದಾಟುತ್ತಲೇ ರಮಾಮಣಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಆಟೋ ಹತ್ತಿದಳು. ಹಿಂದಿನ ದಿನವೇ ಹೇಳಿಟ್ಟಿದ್ದಳು.

"ಎಲ್ಲಿಗಮ್ಮ?" ಎಂದ ಡ್ರೈವರ್.

"ಆ ಸ್ಕೂಟರ್ ಹಿಂದೆ. ತುಂಬ ಹತ್ತಿರ ಹೋಗ್ಬೇಡಪ್ಪ."

ಅವನು ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, ಹಿರಿಯರ ವಿಷಯ ತನಗೇಕೆ ಎಂಬಂತೆ ಗಾಡಿ ಹೊರಡಿಸಿದ. ಸ್ಕೂಟರ್ ಹುಣಸೂರು ರಸ್ತೆ ಹಿಡಿಯಿತು. ಹಿನಕಲ್ ದಾಟಿತು. ಇಲವಾಲವೂ ಹಿಂದೆ ಬಿದ್ದ ಮೇಲೆ ಸ್ಕೂಟರ್ ಎಡಕ್ಕೆ ಮಣ್ಣಿನ ದಾರಿಗೆ ಇಳಿಯಿತು. ಆಟೋವನ್ನು ಹುಣಸೆಮರದ ಹತ್ತಿರ ನಿಲ್ಲಿಸಿಕೊಂಡು ಅವಳು ಬೇಲಿಯ ಮರೆಯಲ್ಲಿ ನಡೆದುಹೋದಳು.

ಬೇಸಿಗೆಗೆ ಅರ್ಧ ಬತ್ತಿದ ಒಂದು ಕೆರೆ. ದಡದಲ್ಲಿ ಶೀಟು ಹೊದಿಸಿದ ಒಂದು ಪುಟ್ಟ ಮನೆ, ಮನೆಯಿಂದ ಒಲೆಯ ಹೊಗೆ. ಅಲ್ಲಿ ಅವಳ ಗಂಡ, ಸಂಧ್ಯಾವಂದನೆ ತಪ್ಪಿಸದ ಗೋವಿಂದರಾಜು, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಉದ್ದನೆಯ ಗಾಳದ ಕೋಲು ಹಿಡಿದು ನೀರಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಒಬ್ಬ ಮುದುಕ ಬೀಡಿ ಸೇದುತ್ತ ಏನೋ ಹೇಳಿದ. ಇವರು ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಹಾಗೆ ನಕ್ಕಿದ್ದನ್ನು ರಮಾಮಣಿ ನೋಡಿ ಎಷ್ಟು ವರ್ಷವಾಗಿತ್ತೋ. ಸ್ವಲ್ಪ ಹೊತ್ತಿಗೆ ಮನೆಯಿಂದ ಒಬ್ಬ ಹೆಂಗಸು ಮುಚ್ಚಿದ ತಟ್ಟೆಯೊಂದನ್ನು ತಂದುಕೊಟ್ಟಳು. ಗೋವಿಂದರಾಜು ದಡದ ಕಲ್ಲಿನ ಮೇಲೆ ಕೂತು, ಕೆರೆಯ ಕಡೆಗೆ ಮುಖ ಮಾಡಿ, ಅದನ್ನು ತಿಂದರು. ಬೆರಳು ನೆಕ್ಕಿದರು.

ತಟ್ಟೆಯಲ್ಲಿ ಏನಿತ್ತು ಎಂಬುದು ಅಷ್ಟು ದೂರದಿಂದ ಕಾಣಲಿಲ್ಲ.

ಮನೆಗೆ ಬಂದ ರಮಾಮಣಿ ಸ್ಟೌ ಹಚ್ಚದೆ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಮೀನು ಹಿಡಿಯುತ್ತಾರೆ ಎಂಬುದಂತೂ ಖಾತ್ರಿಯಾಯಿತು. ತಿನ್ನುತ್ತಾರೆಯೇ? ಮೂವತ್ತೈದು ವರ್ಷ ಜೊತೆಯಲ್ಲಿ ಉಂಡವರು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರು ಎಂದಾದರೆ, ಇನ್ನು ಏನೇನು ಹೇಳಿರಬಹುದು? ಕಚೇರಿಯಲ್ಲಿದ್ದಾಗ ಹೊಂಗಳ್ಳಿ, ಮತ್ತೊಂದು ಎಂದು ಪಂಪ್‌ಹೌಸುಗಳನ್ನು ನೋಡಲು ಹೋಗುತ್ತಿದ್ದರಲ್ಲ, ಅಲ್ಲಿ ಏನು ತಿನ್ನುತ್ತಿದ್ದರು? ಅನುಮಾನ ಎನ್ನುವುದು ಹಾಗೆಯೇ. ಮುಂದಕ್ಕೆ ಹೋಗಲು ದಾರಿ ಸಿಗದಿದ್ದರೆ ಹಿಂದಕ್ಕೆ ಹೋಗುತ್ತದೆ.

ಆ ವಾರವೆಲ್ಲ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಶನಿವಾರ ಬೇಕೆಂದೇ ಅವರಿಗೆ ಪ್ರಾಣವಾದ ಗೊಜ್ಜವಲಕ್ಕಿ ಮಾಡಿಟ್ಟಳು. ಒಂಬತ್ತೂವರೆಗೆ ಬಂದವರು ನಾಲ್ಕು ತುತ್ತು ತಿಂದು, "ಮಧ್ಯಾಹ್ನಕ್ಕಿರಲಿ" ಎಂದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ತಿಳಿಸಾರು ಬಡಿಸುತ್ತ ಅವಳು ಸಹಜವಾಗಿ ಕೇಳಿದಳು: "ಅಲ್ಲಾ ರೀ, ಮೀನಿನ ಸಾರಿಗೂ ಹೀಗೇ ಹುಣಸೆಹಣ್ಣು ಹಾಕ್ತಾರಾ?"

ಗೋವಿಂದರಾಜುವಿಗೆ ನೆತ್ತಿಗೇರಿತು. ಕೆಮ್ಮಿದರು, ನೀರು ಕುಡಿದರು, ಮತ್ತೆ ಕೆಮ್ಮಿದರು. ರಮಾಮಣಿ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಯಾರು ಹೇಳಿದ್ರು?"

"ಸ್ಕೂಟರ್ ಹೇಳ್ತು."

ಅವರು ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದರು. ಆಮೇಲೆ ಹೇಳಿದರು. ಕೆಲಸದಲ್ಲಿದ್ದಾಗ ಪೈಪ್‌ಲೈನಿನ ಅಳತೆಗೆಂದು ಆ ಕಡೆ ಹೋಗಿದ್ದು, ಕೆರೆಯ ಮೀನು ಸಾಕುವ ಬೆಟ್ಟಯ್ಯನ ಪರಿಚಯವಾಗಿದ್ದು, ಒಂದು ದಿನ ಅವನ ಗಾಳದ ಕೋಲನ್ನು ಸುಮ್ಮನೆ ಕೈಗೆ ತಗೊಂಡಿದ್ದು. "ಮೀನು ಹಿಡೀತೀನಿ, ನಿಜ. ಹಿಡಿದು ಬಿಡ್ತೀನಿ ರಮಾ. ವಾಪಸ್ ನೀರಿಗೆ."

"ಬಿಡೋದಕ್ಕೆ ಅಂತ ಯಾರಾದ್ರೂ ಹಿಡೀತಾರಾ?"

"ನಾನು ಹಿಡೀತೀನಿ."

"ಯಾಕೆ?"

ಗೋವಿಂದರಾಜು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಾಳೆ ಮಂಗಳವಾರ. ನೀನೇ ಬಾ, ನೋಡು," ಎಂದರು.

ಅವಳು ಹೋದಳು. ತನ್ನದೇ ನೀರು, ತನ್ನದೇ ಚಪಾತಿ ಡಬ್ಬಿ ಕಟ್ಟಿಕೊಂಡು, ಸ್ಕೂಟರಿನ ಹಿಂದೆ ಬಿಗಿಯಾಗಿ ಕೂತು ಹೋದಳು. ಬೆಟ್ಟಯ್ಯ ಬೀಡಿ ಬಿಸಾಕಿ ಎದ್ದು ನಿಂತು ಕೈ ಮುಗಿದ. "ಬರ್ಬೇಕು ಅಮ್ಮಾವ್ರು. ಸಾಮೇರು ನಿಮ್ ಇಸ್ಯ ಬೋ ಹೇಳ್ತಿದ್ರು." ಏನು ಹೇಳುತ್ತಿದ್ದರು ಎಂದು ಅವಳಿಗೆ ಅನುಮಾನವಾಯಿತು, ಕೇಳಲಿಲ್ಲ. ಅವನ ಹೆಂಡತಿ ಪುಟ್ಟಮಾದಮ್ಮ ಬೇವಿನಮರದ ಬುಡದಲ್ಲಿ ಚಾಪೆ ಹಾಸಿದಳು.

ಮೇ ತಿಂಗಳ ಮೊದಲ ವಾರ. ನೀರು ಹಿಂದಕ್ಕೆ ಸರಿದು ದಡದ ಕೆಸರು ಬಿರುಕು ಬಿಟ್ಟಿತ್ತು. ಉಳಿದ ನೀರಿನ ಮೇಲೆ ಅರ್ಧಕ್ಕೆ ಅರ್ಧ ತಾವರೆ ಎಲೆ, ಪಾಚಿ, ಜೊಂಡು. ಗೋವಿಂದರಾಜು ಪೆಟ್ಟಿಗೆಯಿಂದ ಒಂದು ರಬ್ಬರ್ ಕಪ್ಪೆ ತೆಗೆದರು. ಹೊಟ್ಟೆಯ ಕೆಳಗೆ ಎರಡು ಗಾಳ. "ಗಾಳದ ತುದೀಲಿ ಹಿಂದಕ್ಕೆ ಒಂದು ಕೊಕ್ಕೆ ಇರತ್ತೆ ನೋಡು, ಅದನ್ನ ಇಕ್ಕಳದಲ್ಲಿ ಅಮುಕಿಬಿಟ್ಟಿದೀನಿ. ಬಿಡಿಸೋವಾಗ ಮೀನಿನ ಬಾಯಿ ಹರಿಯಲ್ಲ." ರಮಾಮಣಿ ಬೆರಳಿನಿಂದ ಮುಟ್ಟಿ ನೋಡಿದಳು. ನುಣುಪಾಗಿತ್ತು. ತನಗೆ ತೋರಿಸುವುದಕ್ಕೆ ಎಂದೇ ನಿನ್ನೆ ರಾತ್ರಿ ಅಮುಕಿರಬಹುದು ಎಂದುಕೊಂಡಳು.

ಕಪ್ಪೆಯನ್ನು ಎಲೆಗಳ ಮೇಲೆ ದೂರಕ್ಕೆ ಎಸೆಯುವುದು, ರೀಲು ಸುತ್ತುತ್ತ ಕುಪ್ಪಳಿಸಿಕೊಂಡು ತರುವುದು, ಮತ್ತೆ ಎಸೆಯುವುದು. ಒಂದು ಗಂಟೆ ಕಳೆಯಿತು. ಏನೂ ಇಲ್ಲ. ಬಿಸಿಲು ಏರುತ್ತ ಹೋಯಿತು. ನೀರು ಕಣ್ಣಿಗೆ ಹೊಡೆಯತೊಡಗಿತು. ಟಂಗೂಸಿ ದಾರ ಎರಡು ಸಲ ಜೊಂಡಿಗೆ ಸಿಕ್ಕಿಕೊಂಡಿತು. ಅವರು ಸೊಂಟದವರೆಗೆ ನೀರಿಗಿಳಿದು ಬಿಡಿಸಿ ತಂದರು. ಇದರಲ್ಲಿ ಏನು ಸುಖ? ಇದಕ್ಕೆ ಸುಳ್ಳು ಹೇಳಬೇಕಿತ್ತೆ? ಬೇರೆ ಏನೋ ಇರಲೇಬೇಕು.

"ಅಲ್ಲಿ ನೋಡಿ ಅಮ್ಮಾವ್ರೇ," ಎಂದ ಬೆಟ್ಟಯ್ಯ.

ನೀರಿನ ಮೇಲೆ ತಟ್ಟೆಯಗಲ ಕೆಂಪಗೆ ಕುದಿಯುತ್ತಿರುವಂತೆ ಕಾಣಿಸಿತು. ಸಾವಿರಾರು ಮರಿಗಳು ಒಂದನ್ನೊಂದು ತಬ್ಬಿಕೊಂಡಂತೆ ಸುತ್ತುತ್ತಿದ್ದವು. "ಕುಚ್ಚು ಮೀನಿನ ಮರಿ. ಕೆಳಗಡೆ ಅಪ್ಪ ಅವ್ವ ಎರಡೂ ಕಾವಲಿರ್ತವೆ. ಕಪ್ಪೆ ಬಿದ್ರೆ ಸಾಕು, ಮರಿ ತಿನ್ನಕ್ ಬಂತು ಅಂತ ಮೇಲೆ ಬೀಳ್ತವೆ. ಈಗ ಎಸೆದ್ರೆ ಗ್ಯಾರಂಟಿ ಮೀನು."

ಗೋವಿಂದರಾಜು ಬೆನ್ನು ತಿರುಗಿಸಿ ಇನ್ನೊಂದು ಕಡೆಗೆ ನಡೆದರು.

"ಅದ್ ಮಾತ್ರ ಮಾಡಕಿಲ್ಲ ನಿಮ್ ಯಜಮಾನ್ರು," ಎಂದು ಬೆಟ್ಟಯ್ಯ ನಕ್ಕ.

ಏಳೂವರೆಯ ಹೊತ್ತಿಗೆ ನೀರು ಒಡೆಯಿತು. ಕಲ್ಲು ಬಿದ್ದಂಥ ಸದ್ದು, ಕಪ್ಪೆ ಮಾಯ. ಕೋಲು ಬಿಲ್ಲಾಗಿ ಬಾಗಿತು. ರೀಲು ಕಿರ್ರೆಂದು ಅರಚಿತು. ಗೋವಿಂದರಾಜು ಕಾಲೂರಿ ಹಿಂದಕ್ಕೆ ವಾಲಿದರು. ರಮಾಮಣಿ ತನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದಳು. ತೊಡೆಗಾತ್ರದ ಕಪ್ಪು ಬೆನ್ನೊಂದು ಮೇಲೆದ್ದು ಮುಳುಗಿ, ದಟ್ಟವಾದ ಪಾಚಿಯ ಕೆಳಗೆ ನುಗ್ಗಿತು. ದಾರ ನಿಂತಿತು.

ಮುಂದಿನ ಕ್ಷಣ ಗೋವಿಂದರಾಜು ಸೊಂಟದಿಂದ ಚಾಕು ತೆಗೆದು ಟಂಗೂಸಿಯನ್ನು ಕತ್ತರಿಸಿಬಿಟ್ಟರು.

"ಅಯ್ಯೋ!" ಎಂದಳು ರಮಾಮಣಿ. "ಯಾಕೆ ಕತ್ತರಿಸಿದ್ರಿ? ಸಿಕ್ಕಿತ್ತಲ್ಲ? ಸ್ವಲ್ಪ ಎಳೆದಿದ್ರೆ ಬರ್ತಿತ್ತು."

ಅವರು ಚಾಕುವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆಟ್ಟಯ್ಯ ಇದ್ದಕ್ಕಿದ್ದಂತೆ ಬೀಡಿ ಹುಡುಕುವವನಂತೆ ಮನೆಯ ಕಡೆಗೆ ಹೊರಟುಹೋದ. ಅವನು ಹೊರಟ ರೀತಿಯಲ್ಲೇ ಅವಳಿಗೆ ತಿಳಿಯಿತು, ಇಲ್ಲೊಂದು ವಿಷಯವಿದೆ.

"ಏನು ಮುಚ್ಚಿಡ್ತಾ ಇದೀರಿ?"

ಗೋವಿಂದರಾಜು ಬಂದು ಚಾಪೆಯ ತುದಿಯಲ್ಲಿ ಕೂತರು. "ಕುಚ್ಚು ಮೀನಿಗೆ ನೀರೊಳಗಿನ ಉಸಿರು ಸಾಲಲ್ಲ, ರಮಾ. ಆಗಾಗ ಮೇಲೆ ಬಂದು ಗಾಳಿ ಕುಡೀಬೇಕು. ಮಾರ್ಚ್‌ನಲ್ಲಿ ಒಂದು ದಿನ ಇಷ್ಟೇ ದೊಡ್ಡದು ಸಿಕ್ಕಿತ್ತು. ಹೀಗೇ ಪಾಚಿ ಕೆಳಗೆ ಹೋಗಿ ಸಿಕ್ಕಿಕೊಳ್ತು. ಬಿಟ್ಟುಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಅಂಥ ಮೀನು ಮತ್ತೆ ಸಿಗಲ್ಲ ಅಂತ ಅರ್ಧ ಗಂಟೆ ದಾರ ಬಿಗಿಹಿಡಿದು ನಿಂತೆ. ಕೊನೆಗೆ ಬೆಟ್ಟಯ್ಯ ಇಳಿದು ಪಾಚಿ ಹರಿದು ಎತ್ತಿಕೊಂಡು ಬಂದ. ಸತ್ತುಹೋಗಿತ್ತು. ನೀರಲ್ಲಿ ಹುಟ್ಟಿದ್ದು ನೀರಲ್ಲೇ ಉಸಿರು ಕಟ್ಟಿ ಸತ್ತಿತ್ತು."

ಇನ್ನೂ ಇದೆ ಎಂದು ರಮಾಮಣಿಗೆ ಗೊತ್ತಿತ್ತು.

"ಪುಟ್ಟಮಾದಮ್ಮ ಸಾರು ಮಾಡಿದ್ರು. ಕೊಂದಿದ್ದು ನಾನು. ಕೊಂದುಬಿಟ್ಟು, ನಾನು ಮುಟ್ಟಲ್ಲ, ನೀವು ತಿನ್ನಿ ಅಂತ ಹೇಳೋಕೆ ನಾಚಿಕೆ ಆಯ್ತು. ಒಂದು ತುಂಡು ತಿಂದೆ."

ತಾನು ಊಹಿಸಿದ್ದೇ ನಿಜವಾಗಿತ್ತು. ಸರಿಯುತ್ತರ ಸಿಕ್ಕಾಗ ಆಗುವ ಸಂತೋಷ ಮಾತ್ರ ಆಗಲಿಲ್ಲ.

"ಹೇಗಿತ್ತು?" ಎಂದು ಕೇಳಿದಳು. ಕೇಳಿದ್ದು ಯಾಕೋ ಅವಳಿಗೇ ತಿಳಿಯದು.

ಅವರು ನೆಲ ನೋಡಿದರು. "ಚೆನ್ನಾಗಿತ್ತು. ಅದೇ ಹಿಂಸೆ."

ಆಗಲೇ ಪುಟ್ಟಮಾದಮ್ಮ ಮುಚ್ಚಿದ ತಟ್ಟೆ ತಂದಿಟ್ಟಳು. ರಮಾಮಣಿ ಮುಚ್ಚಳ ಎತ್ತಿದಳು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಘಮಘಮ ಬೆಳ್ಳುಳ್ಳಿ. ಇಬ್ಬರೂ ಅದನ್ನು ಮುಟ್ಟಲಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ ಅವಳು ಸ್ಕೂಟರಿನ ಹಿಂದಿನ ಕಂಬಿ ಹಿಡಿದುಕೊಂಡು ಕೂತಿದ್ದಳು; ಹೋಗುವಾಗ ಹಿಡಿದಿದ್ದ ಅವರ ಭುಜವನ್ನು ಬರುವಾಗ ಹಿಡಿಯಲಿಲ್ಲ.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಅವಳು ಬಡಿಸುವುದು, ಅವರು ಉಣ್ಣುವುದು, ಅಷ್ಟೆ. ಒಂದೇ ಸಲವೇ? ಒಂದೇ ತುಂಡೇ? ಒಂದು ಸಲ ಬಾಯಿಗೆ ಹತ್ತಿದ್ದು ಅಲ್ಲಿಗೇ ನಿಲ್ಲುತ್ತದೆಯೇ? ಗುರುವಾರ ಚಿಕ್ಕತಾಯಮ್ಮ ಪಾತ್ರೆ ಉಜ್ಜುವಾಗ ರಮಾಮಣಿ ಕಂಬಕ್ಕೊರಗಿ ನಿಂತು, ಯಾರದೋ ಸುದ್ದಿ ಎಂಬಂತೆ ಕೇಳಿದಳು: "ಒಂದು ಸಲ ಮೀನು ತಿಂದೋರಿಗೆ ಅದು ಬಿಡೋಕಾಗಲ್ವಂತೆ, ನಿಜವೇನೇ?"

ಚಿಕ್ಕತಾಯಮ್ಮ ಬೂದಿ ಹತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಯಜಮಾನ್ರು ತಿಂದ್ರಾ?"

ರಮಾಮಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಮ್ಮಾವ್ರೇ, ನಿಮ್ಗೆ ಕ್ವಾಪ ಬಂದಿರೋದು ತಿಂದಿದ್ಕಾ, ಸುಳ್ಳೇಳಿದ್ಕಾ? ತಿಂದಿದ್ಕೆ ಅಂದ್ರೆ, ನಾನು ಹನ್ನೊಂದು ವರ್ಸದಿಂದ ತಿನ್ಕಂಡೇ ನಿಮ್ ಮನೆ ಪಾತ್ರೆ ತೊಳೀತಾ ಇವ್ನಿ. ಅವತ್ತು ಹುರುಪೆ ನೋಡಿ ಥೂ ಅಂದ್ರಲ್ಲ, ಮನ್ಸಿಗೆ ಒಂಥರಾ ಆಯ್ತು. ಹೇಳ್ಲಿಲ್ಲ. ಸುಳ್ಳೇಳಿದ್ಕೆ ಅಂದ್ರೆ ಅವರ್ನೇ ಕೇಳಿ, ನನ್ನ ಯಾಕ್ ಕೇಳ್ತೀರಿ?"

ರಮಾಮಣಿಯ ಮುಖ ಬಿಸಿಯಾಯಿತು. "ತಪ್ಪಾಯ್ತು ಕಣೇ," ಎಂದಳು. ಚಿಕ್ಕತಾಯಮ್ಮ "ಬುಡಿ ಅತ್ಲಾಗೆ" ಎಂದು ಪಾತ್ರೆ ಮಗುಚಿ ಹಾಕಿದಳು.

ಅಂದು ಸಂಜೆ ಗೋವಿಂದರಾಜು ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಒಂದೇ ಪುಟವನ್ನು ಅರ್ಧ ಗಂಟೆಯಿಂದ ಹಿಡಿದಿದ್ದರು. ರಮಾಮಣಿ ಎದುರಿಗೆ ಕೂತಳು.

"ಮೊದಲ ದಿನಾನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ."

"ನೀನು ಬೇಡ ಅಂದ್ರೆ ನಾನು ಬಿಟ್ಟುಬಿಡ್ತಿದ್ದೆ, ರಮಾ. ಬಿಡೋಕೆ ನನಗೆ ಇಷ್ಟ ಇರಲಿಲ್ಲ." ಪೇಪರ್ ಮಡಚಿದರು. "ಮೂವತ್ತಾರು ವರ್ಷ ನೀರಿನ ನಕ್ಷೆ ಬರೆದೆ. ಎಲ್ಲಿಂದ ಬರತ್ತೆ, ಯಾವ ಪೈಪಲ್ಲಿ ಹೋಗತ್ತೆ, ಎಲ್ಲಾ ಗೊತ್ತು. ನೀರೊಳಗೆ ಒಂದು ಜೀವ ಇರತ್ತೆ, ಅದು ನನ್ನ ಕಡೆ ನೋಡ್ತಾ ಇರತ್ತೆ ಅನ್ನೋದು ಈಗ ಗೊತ್ತಾಯ್ತು. ನಗಬೇಡ."

ಅವಳು ನಗಲಿಲ್ಲ. ನಂಬಿದಳು ಎಂದೂ ಹೇಳುವಂತಿರಲಿಲ್ಲ.

ಶನಿವಾರ ಐದು ಗಂಟೆಗೆ ಗೋವಿಂದರಾಜು ಎದ್ದು ನೋಡಿದರೆ ರಮಾಮಣಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು.

"ಕಾವಲಿಗೆ ಬರ್ತಾ ಇದೀನಿ. ಬೇರೇನೂ ಅಂದ್ಕೋಬೇಡಿ."

ಕೆರೆಯ ಹತ್ತಿರ ಅವಳು ಮೊದಲು ಹೋದದ್ದು ಪುಟ್ಟಮಾದಮ್ಮನ ಒಲೆಯ ಬಳಿಗೆ. ರೊಟ್ಟಿ ತಟ್ಟುವುದನ್ನು ನೋಡುತ್ತ ಕೂತು, ಆ ಮಾತು ಈ ಮಾತು ಆಡಿ, ಮೆಲ್ಲಗೆ ವಿಷಯಕ್ಕೆ ಬಂದಳು. "ನಮ್ಮೆಜಮಾನ್ರು ಇಲ್ಲಿ ಎಷ್ಟು ಸಲ ಊಟ ಮಾಡಿದಾರೆ?"

ಪುಟ್ಟಮಾದಮ್ಮನಿಗೆ ಅರ್ಥವಾಯಿತು. "ಬಂದಾಗೆಲ್ಲ ರೊಟ್ಟಿ ತಿಂತಾರೆ. ಆ ಸಾರು ಒಂದೇ ಕಿತಾ ಕಣವ್ವ. ಇನ್ನೊಂದ್ ತುಂಡು ಹಾಕ್ಲಾ ಅಂದೆ, ತಟ್ಟೆ ಮೇಲೆ ಕೈ ಅಡ್ಡ ಇಟ್ರು. ಕಣ್ಣಲ್ಲಿ ನೀರಿತ್ತು. ಖಾರ ಜಾಸ್ತಿ ಆಯ್ತೇನೋ ಅಂದ್ಕಂಡೆ ನಾನು."

ಹೀಗೆ ಹೇಳೆಂದು ಹೇಳಿಕೊಟ್ಟಿದ್ದರೂ ಕೊಟ್ಟಿರಬಹುದು. ಆದರೆ ಆ ಖಾರದ ಮಾತನ್ನು ಗೋವಿಂದರಾಜು ಕಟ್ಟಲಾರರು ಎಂದು ರಮಾಮಣಿಗೆ ಅನ್ನಿಸಿತು. ಅವರಿಗೆ ಅಷ್ಟು ಕಥೆ ಕಟ್ಟಲು ಬರುತ್ತಿದ್ದರೆ ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಬರುತ್ತಿರಲಿಲ್ಲ. ಒಂದು ರೊಟ್ಟಿಯನ್ನು ಕೈಯಲ್ಲೇ ಇಸಿದುಕೊಂಡು, ಚಟ್ನಿ ಹಚ್ಚಿಸಿಕೊಂಡು, ತಿನ್ನುತ್ತ ದಡಕ್ಕೆ ನಡೆದಳು.

"ಕೊಡಿ ಇಲ್ಲಿ," ಎಂದು ಕೋಲಿಗೆ ಕೈ ಚಾಚಿದಳು. "ಇದರಲ್ಲಿ ಏನಿದೆ ಅಂತ ನಾನೂ ನೋಡ್ತೀನಿ."

ಮೊದಲ ಎಸೆತ ಬೇವಿನಮರಕ್ಕೆ ಹೋಯಿತು. ಎರಡನೆಯದು ಅವಳ ಕಾಲ ಬುಡದಲ್ಲೇ ಬಿತ್ತು. ಬೆಟ್ಟಯ್ಯ ಮುಖ ಆ ಕಡೆ ಮಾಡಿಕೊಂಡ. ಗೋವಿಂದರಾಜು ಹಿಂದೆ ನಿಂತು ಮಣಿಕಟ್ಟು ಹೇಗೆ ತಿರುಗಿಸಬೇಕೆಂದು ಹೇಳಿಕೊಟ್ಟರು. ಅವಳು "ಗೊತ್ತಾಯ್ತು, ಬಿಡಿ" ಎಂದಳು. ಹತ್ತು ಹದಿನೈದು ಎಸೆತಗಳ ನಂತರ ಕಪ್ಪೆ ಎಲೆಗಳ ನಡುವಿನ ಬಯಲು ನೀರಿಗೆ ಬೀಳತೊಡಗಿತು. ಭುಜ ನೋಯುತ್ತಿತ್ತು, ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಎರಡು ಸಲ ನೀರು ಕುದಿದು ಮೀನು ಬಂದು ತಪ್ಪಿಸಿಕೊಂಡಿತು. ಎರಡೂ ಸಲ ಅವಳು ಅವಸರಪಟ್ಟು ಮೊದಲೇ ಎಳೆದುಬಿಟ್ಟಿದ್ದಳು.

"ಕಪ್ಪೆ ಬಾಯೊಳಗೆ ಹೋಗೋ ತನಕ ಕಾಯ್ಬೇಕು," ಎಂದರು ಗೋವಿಂದರಾಜು. "ಮನಸ್ಸಲ್ಲಿ ಎರಡರವರೆಗೆ ಎಣಿಸು. ಆಮೇಲೆ ಎಳಿ."

ಎಣಿಸುವುದು ಅವಳಿಗೆ ಬರುತ್ತಿತ್ತು. ಮೂರನೆಯ ಸಲ ನೀರು ಒಡೆದಾಗ ಹಲ್ಲು ಕಚ್ಚಿ, ಒಂದು, ಎರಡು ಎಂದು ಎಣಿಸಿ, ಕೋಲನ್ನು ಮೇಲಕ್ಕೆತ್ತಿದಳು. ಆ ಕಡೆಯಿಂದ ಯಾರೋ ಕೈ ಹಿಡಿದು ಜಗ್ಗಿದಂತಾಯಿತು. ಕೋಲಿನೊಳಗಿಂದ, ಮೊಣಕೈಯೊಳಗಿಂದ, ಹೆಗಲವರೆಗೆ ಒಂದು ನಡುಕ ಹರಿದುಬಂತು. ಅವಳು ಏನು ಕೂಗಿದಳೋ ಅವಳಿಗೇ ಗೊತ್ತಿಲ್ಲ. ಆ ಎರಡು ನಿಮಿಷ ಗಂಡ ಎಲ್ಲಿ ನಿಂತಿದ್ದಾರೆ, ಯಾರು ಯಾವ ಸುಳ್ಳು ಹೇಳಿದರು, ಎಷ್ಟು ತುಂಡು, ಯಾವುದೂ ತಲೆಯಲ್ಲಿರಲಿಲ್ಲ. ಮೀನು ಪಾಚಿಯ ಕಡೆಗೆ ತಿರುಗಿತು.

"ಪಾಚಿ! ಪಾಚಿ ಕಡೆ ಹೋಗ್ತಾ ಇದೆ!" ಎಂದು ಚೀರಿದಳು. "ಚಾಕು ಕೊಡ್ರೀ!"

"ಬೇಡ, ಬೇಡ. ಚಿಕ್ಕದು ಕಣೇ, ಎಡಕ್ಕೆ ತಿರುಗಿಸು. ಬರತ್ತೆ."

ಬಂತು. ಮೊಳದುದ್ದದ ಕುಚ್ಚು ಮೀನು, ಹಾವಿನಂಥ ತಲೆ, ಮೈಮೇಲೆ ಕಪ್ಪು ಪಟ್ಟೆ. ದಡದ ನೀರಿನಲ್ಲಿ ಬಾಯಿ ತೆರೆದು ಗಾಳಿ ಕುಡಿಯಿತು. ಗೋವಿಂದರಾಜು ಕೈ ಹಾಕಲು ಬಗ್ಗಿದರು. ರಮಾಮಣಿ ಅವರನ್ನು ಪಕ್ಕಕ್ಕೆ ಸರಿಸಿದಳು. ಬರಿಗೈಯಲ್ಲಿ ಮುಟ್ಟಲು ಒಂದು ಗಳಿಗೆ ಅಂಜಿಕೆಯಾಯಿತು. ಕೈಯನ್ನು ನೀರಿನಲ್ಲಿ ಅದ್ದಿ, ಕಣ್ಣು ಅರ್ಧ ಮುಚ್ಚಿ, ಹೊಟ್ಟೆಯ ಕೆಳಗೆ ಹಿಡಿದಳು. ತಣ್ಣಗೆ, ಗಟ್ಟಿಯಾಗಿ, ಮೈಯೆಲ್ಲ ಒಂದೇ ಸ್ನಾಯುವಿನಂತೆ ಇತ್ತು. ಗಾಳ ತಾನಾಗಿಯೇ ಕಳಚಿಬಂತು. ಮೀನು ಅವಳ ಅಂಗೈಯಲ್ಲಿ ಒಂದು ಕ್ಷಣ ಹಾಗೇ ನಿಂತು, ಬಾಲ ಬೀಸಿ ಅವಳ ಮುಖಕ್ಕೆ ಕೆಸರು ನೀರು ಎರಚಿ ಹೊರಟುಹೋಯಿತು.

ಅವಳು ಮಂಡಿಯೂರಿ ಅಲ್ಲೇ ಕೂತಿದ್ದಳು. ಮುಖ ಒರೆಸಿಕೊಳ್ಳಲಿಲ್ಲ.

"ಯಾಕೆ ಹಿಡೀತೀರಿ ಅಂತ ಕೇಳಿದ್ದೆಯಲ್ಲ," ಎಂದರು ಗೋವಿಂದರಾಜು.

"ನೀವು ಸುಮ್ಮನಿರಿ ಸ್ವಲ್ಪ ಹೊತ್ತು," ಎಂದಳು ರಮಾಮಣಿ.

ಮೇ ತಿಂಗಳೆಲ್ಲ ಅವರಿಬ್ಬರೂ ಹೋದರು. ಬಿಸಿಲು ಎಂಟಕ್ಕೇ ಮೈ ಸುಡುತ್ತಿದ್ದರಿಂದ ಇನ್ನೂ ಬೇಗ ಹೊರಟರು. ಪಕ್ಕದ ಮನೆಯವರು ಕೇಳಿದರೆ ರಮಾಮಣಿ ಮರೆಮಾಚದೆ ಹೇಳಿದಳು, ಅವರು ನಂಬಲಿಲ್ಲ. ಹಿಡಿದು ಬಿಡುತ್ತಾರಂತೆ ಎಂದು ತಮ್ಮ ತಮ್ಮಲ್ಲಿ ನಕ್ಕರು. ಅದು ಅವಳ ಕಿವಿಗೂ ಬಿತ್ತು. ಅವಳ ಅನುಮಾನವೂ ಪೂರ್ತಿ ಹೋಗಿರಲಿಲ್ಲ. ಗೋವಿಂದರಾಜು ಯಾವತ್ತಾದರೂ ಊಟದಲ್ಲಿ ಕೈ ಹಿಂದೆಗೆದರೆ ಈಗಲೂ ಅವಳ ಕಣ್ಣು ಅವರ ತಟ್ಟೆಯ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು. ಅವರು ಅದನ್ನು ನೋಡುತ್ತಿದ್ದರು, ಆದರೂ ಬೇಸರಿಸುತ್ತಿರಲಿಲ್ಲ. ಒಂದು ಸುಳ್ಳು ಹೇಳಿದವರು ಅಷ್ಟು ನೋಟವನ್ನು ತಾಳಿಕೊಳ್ಳಲೇಬೇಕು ಎಂದು ಅವರಿಗೂ ಅನ್ನಿಸಿರಬೇಕು.

ಜೂನ್ ಎರಡನೆಯ ವಾರ ಮುಂಗಾರು ಹಿಡಿಯಿತು. ಕೆರೆಗೆ ಹೊಸ ನೀರು ನುಗ್ಗಿ ಎಲ್ಲ ಕೆಂಪಾಯಿತು, ಈಗ ಗಾಳ ಹಾಕಿ ಉಪಯೋಗವಿಲ್ಲ ಎಂದು ಬೆಟ್ಟಯ್ಯ ಫೋನಿನಲ್ಲಿ ಹೇಳಿದ. ಗೋವಿಂದರಾಜು ಕೋಲನ್ನು ಒರೆಸಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಡಲು ಸ್ಟೂಲ್ ಹತ್ತಿದರು. ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದ ರಮಾಮಣಿ ಹೊರಗೆ ಸುರಿಯುವ ಮಳೆಯ ಕಡೆಗೆ ನೋಡುತ್ತ ಕೇಳಿದಳು:

"ಆ ನೀರು ತಿಳಿಯಾಗೋಕೆ ಎಷ್ಟು ದಿನ ಬೇಕಂತೆ?"